ಮಲಗಿದ ಕೂಸು ಸುಖವಾಗಿದೆ ಎಂದವರು ಯಾರು?

"ಅದಕ್ಕೇನು ಗೊತ್ತಾಗುತ್ತೆ ಬಿಡಿ, ಹಸುಗೂಸು!"

ಈ ಮಾತನ್ನು ಕೇಳದ ಹೆಂಗಸು ನಮ್ಮ ಊರುಗಳಲ್ಲಿ ಇರಲಾರಳು. ಅಕ್ಕಸಾಲಿಗ ಕಿವಿ ಚುಚ್ಚಲು ಕೂತಾಗ ಅಜ್ಜಿ ಇದನ್ನು ಹೇಳುತ್ತಾಳೆ. ಆಸ್ಪತ್ರೆಯಲ್ಲಿ ಹಿಮ್ಮಡಿಯಿಂದ ರಕ್ತ ತೆಗೆಯುವಾಗ ಸಿಸ್ಟರ್ ಹೇಳುತ್ತಾರೆ. ಆಪರೇಷನ್ ಕೋಣೆಯ ಹೊರಗೆ ಕಣ್ಣೊರೆಸಿಕೊಳ್ಳುತ್ತ ನಿಂತ ತಾಯಿಗೆ ಗಂಡ ಹೇಳುತ್ತಾನೆ, ಮಾವ ಹೇಳುತ್ತಾರೆ, ಪಕ್ಕದ ಬೆಂಚಿನ ಗುರುತಿಲ್ಲದವರೂ ಹೇಳುತ್ತಾರೆ. ಹೇಳುವವರಲ್ಲಿ ಕೆಟ್ಟವರು ಯಾರೂ ಇಲ್ಲ. ಸಮಾಧಾನಕ್ಕೆಂದೇ ಹೇಳುತ್ತಾರೆ. ಆದರೆ ಈ ಸಮಾಧಾನ ಯಾರಿಗೆ? ಚುಚ್ಚುವವರಿಗೆ, ಕೈಕಾಲು ಹಿಡಿದುಕೊಂಡವರಿಗೆ, ನೋಡುತ್ತ ನಿಂತವರಿಗೆ. ಚುಚ್ಚಿಸಿಕೊಂಡ ಕೂಸಿಗೆ ಇದರಿಂದ ಏನು ಸಿಕ್ಕಿತು ಎಂದು ಯಾರೂ ಕೇಳುವುದಿಲ್ಲ.

ಈ ಮಾತಿಗೆ ಒಂದು ಜೋಡಿ ಮಾತೂ ಇದೆ. "ನೋಡಿ, ಒಂದು ಗಳಿಗೆ ಅತ್ತಿತು, ಆಮೇಲೆ ಹಾಯಾಗಿ ಮಲಗಿಬಿಟ್ಟಿತು!" ಮಲಗಿತು ಎಂದರೆ ಮುಗಿಯಿತು. ಅದೇ ಸಾಕ್ಷಿ, ಅದೇ ತೀರ್ಪು. ನೋವಿದ್ದಿದ್ದರೆ ನಿದ್ದೆ ಬರುತ್ತಿತ್ತೇ ಎಂಬುದು ವಾದ. ಈ ವಾದ ಸುಳ್ಳು ಎಂದು ಹೇಳುವುದಕ್ಕೇ ನಾನು ಈಗ ಬರೆಯಲು ಕೂತದ್ದು.

ನಾನು ಡಾಕ್ಟರಲ್ಲ. ಬಿ.ಎ., ಬಿ.ಎಡ್. ಮಾಡಿ, ಮೂವತ್ತು ವರ್ಷದ ಹತ್ತಿರ ಸೀಮೆಸುಣ್ಣ ಹಿಡಿದು ಮಕ್ಕಳ ಮುಂದೆ ನಿಂತವಳು. ಆ ಕೆಲಸ ಒಂದು ಪಾಠವನ್ನು ನನಗೇ ಕಲಿಸಿದೆ. ತರಗತಿಯಲ್ಲಿ ಸದ್ದಿಲ್ಲದೆ ಕೂತ ಮಗುವಿಗೆ ಪಾಠ ಅರ್ಥವಾಗಿದೆ ಎಂದು ತಿಳಿಯುವುದು ಹೊಸ ಟೀಚರುಗಳ ಭ್ರಮೆ. ಸುಮ್ಮನೆ ಕೂತ ಮಗುವಿಗೆ ಹಸಿವಾಗಿರಬಹುದು, ಜ್ವರ ಬಂದಿರಬಹುದು, ಹಿಂದಿನ ರಾತ್ರಿ ಮನೆಯಲ್ಲಿ ಜಗಳವಾಗಿರಬಹುದು. ಮೌನಕ್ಕೆ ಕಾರಣ ನೂರು. ಹತ್ತು ವರ್ಷದ ಮಗುವಿನ ಮೌನವನ್ನೇ ಇಷ್ಟು ಸುಲಭವಾಗಿ ತಪ್ಪು ಓದುವ ನಾವು, ಹತ್ತು ದಿನದ ಕೂಸಿನ ನಿದ್ದೆಯನ್ನು ಸರಿಯಾಗಿ ಓದಿದ್ದೇವೆ ಎಂದು ಯಾವ ಧೈರ್ಯದಲ್ಲಿ ಹೇಳುತ್ತೇವೆ?

ಅಜ್ಜಿಯರನ್ನು ಮಾತ್ರ ದೂರಬೇಕಿಲ್ಲ. ಕಲಿತವರೇ ಈ ಮಾತಿಗೆ ಮುದ್ರೆ ಒತ್ತಿದ್ದರು. 1941ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಮರ್ಟಲ್ ಮೆಗ್ರಾ 75 ಎಳೆಯ ಮಕ್ಕಳಿಗೆ ಸೂಜಿ ತಾಗಿಸಿ, ಅವು ಹೇಗೆ ಪ್ರತಿಕ್ರಿಯೆ ತೋರುತ್ತವೆ ಎಂದು ನೋಡಿದರು. ಮೊದಲ ದಿನಗಳಲ್ಲಿ ಕೂಸು ಕೈಕಾಲು ಬಡಿದರೂ ಅದು ಮಿದುಳಿನ ಮೇಲಿನ ಪದರ ಮುಟ್ಟಿದ ಅನುಭವವಲ್ಲ ಎಂದು ತೀರ್ಮಾನಿಸಿದರು. ಇಂಥ ಬರಹಗಳ ಬೆಂಬಲ ಸಿಕ್ಕ ಮೇಲೆ ಕೇಳಬೇಕೇ? ಎಳೆಗೂಸಿನ ನರಗಳು ಪೂರ್ತಿ ಬೆಳೆದಿಲ್ಲ, ಅದಕ್ಕೆ ನೋವು ತಿಳಿಯದು, ತಿಳಿದರೂ ನೆನಪಿರದು ಎಂಬುದು ವೈದ್ಯಕೀಯದ ರೂಢಿಯ ನಂಬಿಕೆಯಾಯಿತು. ಜೊತೆಗೆ ಅರಿವಳಿಕೆ ಕೊಟ್ಟರೆ ಉಸಿರಾಟ ನಿಂತೀತು ಎಂಬ ಭಯ ಬೇರೆ. ಆ ಭಯಕ್ಕೆ ಆ ಕಾಲದಲ್ಲಿ ಅರ್ಥವಿತ್ತು. ಆದರೆ ಎರಡೂ ಸೇರಿ ಆದದ್ದೇನು? ಎಷ್ಟೋ ದಶಕಗಳ ಕಾಲ ಎಳೆಯ ಮಕ್ಕಳಿಗೆ, ಅದರಲ್ಲೂ ದಿನ ತುಂಬದೆ ಹುಟ್ಟಿದವಕ್ಕೆ, ಅಲುಗಾಡದಂತೆ ಮಾಡುವ ಮದ್ದನ್ನಷ್ಟೇ ಕೊಟ್ಟು, ನೋವಿಗೆ ಏನೂ ಕೊಡದೆ, ಅಥವಾ ಏನೇನೂ ಸಾಲದಷ್ಟು ಕೊಟ್ಟು ಕೊಯ್ಯುವುದು ನಡೆದೇ ಇತ್ತು.

ಇದನ್ನು ಹೊರಗೆ ಹಾಕಿದವಳು ಒಬ್ಬ ತಾಯಿ. 1985ರಲ್ಲಿ ಅಮೆರಿಕದ ವಾಷಿಂಗ್ಟನ್ನಿನಲ್ಲಿ ಜಿಲ್ ಲಾಸನ್ ಎಂಬಾಕೆಗೆ ದಿನ ತುಂಬದ ಗಂಡು ಮಗು ಹುಟ್ಟಿತು. ಹೃದಯದ ಬಳಿ ಮುಚ್ಚಿಕೊಳ್ಳಬೇಕಿದ್ದ ರಕ್ತನಾಳವೊಂದು ಮುಚ್ಚಿರಲಿಲ್ಲ. ಎದೆ ತೆರೆದು ಅದನ್ನು ಕಟ್ಟಿದರು. ಕೆಲವು ವಾರಗಳಲ್ಲಿ ಮಗು ತೀರಿಕೊಂಡಿತು. ಆಮೇಲೆ ಕಡತ ತೆಗೆಸಿ ನೋಡಿದರೆ, ಆಪರೇಷನ್ ಹೊತ್ತಿನಲ್ಲಿ ಮಗುವಿಗೆ ಕೊಟ್ಟದ್ದು ಮಾಂಸಖಂಡಗಳನ್ನು ನಿಶ್ಚಲಗೊಳಿಸುವ ಮದ್ದು ಮಾತ್ರ. ಕೂಗಲಾರದು, ಒದ್ದಾಡಲಾರದು, ಆದರೆ ಎಚ್ಚರವಿದೆ! ಆಕೆ ಕೇಳಿದಾಗ, ಇಂಥ ಕೂಸುಗಳಿಗೆ ನೋವಾಗುತ್ತದೆ ಎಂಬುದು ಸಿದ್ಧವಾಗಿಲ್ಲ ಎಂಬರ್ಥದ ಉತ್ತರ ಬಂತು. ಆ ತಾಯಿ ಸುಮ್ಮನಾಗಲಿಲ್ಲ. ಪತ್ರ ಬರೆದಳು, ಪತ್ರಿಕೆಗಳ ಬಾಗಿಲು ತಟ್ಟಿದಳು. 1986ರಲ್ಲಿ ಸುದ್ದಿ ದೊಡ್ಡದಾಗಿ ಅಚ್ಚಾಯಿತು, ಜನ ಬೆಚ್ಚಿಬಿದ್ದರು.

ಅದೇ ಹೊತ್ತಿಗೆ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ನಮ್ಮ ದೇಶದವರೇ ಒಬ್ಬರು ಇದೇ ಪ್ರಶ್ನೆಯ ಹಿಂದೆ ಬಿದ್ದಿದ್ದರು. ಇಂದೋರಿನಲ್ಲಿ ವೈದ್ಯಕೀಯ ಓದಿ ಅಲ್ಲಿಗೆ ಹೋಗಿದ್ದ ಕನ್ವಲ್‌ಜೀತ್ ಆನಂದ್. ಆಪರೇಷನ್ನಿಗೆ ಹೋದ ಕೂಸುಗಳು ತಿರುಗಿ ಬರುವಾಗ ಇದ್ದಕ್ಕಿದ್ದಂತೆ ಹದಗೆಟ್ಟಿರುತ್ತಿದ್ದುದನ್ನು ಅವರು ಗಮನಿಸಿದ್ದರು. ಅವರೂ ಸಂಗಡಿಗರೂ ದಿನ ತುಂಬದ ಕೂಸುಗಳ ಎರಡು ಗುಂಪು ಮಾಡಿದರು. ಒಂದಕ್ಕೆ ಆಗಿನ ರೂಢಿಯಂತೆ ನೈಟ್ರಸ್ ಆಕ್ಸೈಡ್ ಅನಿಲ ಮತ್ತು ನಿಶ್ಚಲಗೊಳಿಸುವ ಮದ್ದು, ಇನ್ನೊಂದಕ್ಕೆ ಅದರ ಜೊತೆಗೆ ಫೆಂಟನಿಲ್ ಎಂಬ ಬಲವಾದ ನೋವು ನಿವಾರಕ. ಇದು 1987ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಫೆಂಟನಿಲ್ ಸಿಗದ ಕೂಸುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಉಕ್ಕಿದ್ದವು, ಆಪರೇಷನ್ ನಂತರದ ತೊಡಕುಗಳೂ ಅವಕ್ಕೇ ಹೆಚ್ಚು. ಅವರೇ ಮುಂದೆ ಬಾಸ್ಟನ್ನಿನಲ್ಲಿ ಹೃದಯದ ಆಪರೇಷನ್ ಆದ 45 ನವಜಾತ ಶಿಶುಗಳನ್ನು ನೋಡಿ 1992ರಲ್ಲಿ ಬರೆದರು. ಆಳವಾದ ಅರಿವಳಿಕೆ ಕೊಟ್ಟು, ಆಮೇಲೂ ಒಂದು ದಿನ ನೋವು ನಿವಾರಕ ಮುಂದುವರಿಸಿದ 30 ಕೂಸುಗಳಲ್ಲಿ ಒಂದೂ ಸಾಯಲಿಲ್ಲ. ಹಗುರವಾದ ಅರಿವಳಿಕೆ ಪಡೆದ 15ರಲ್ಲಿ ನಾಲ್ಕು ಸತ್ತವು. ನೋವು ಎಂದರೆ ಬರೀ ಅಳುವಲ್ಲ, ಪ್ರಾಣದ ಪ್ರಶ್ನೆ ಎಂಬುದಕ್ಕೆ ಇದಕ್ಕಿಂತ ಏನು ಬೇಕು?

ಒತ್ತಡದ ಹಾರ್ಮೋನು ಎಂದರೆ ಏನೋ ದೊಡ್ಡ ಶಾಸ್ತ್ರವೆಂದು ಹೆದರಬೇಡಿ. ಮೂತ್ರಪಿಂಡದ ತಲೆಯ ಮೇಲೆ ಟೋಪಿಯ ಹಾಗೆ ಕೂತ ಪುಟ್ಟ ಗ್ರಂಥಿಗಳು ಇವನ್ನು ಸುರಿಸುತ್ತವೆ. ಹಾವು ಕಂಡಾಗ ನಮ್ಮ ಎದೆ ಡವಡವ ಎನ್ನುವುದು ಅಡ್ರಿನಲಿನ್ ಕೆಲಸ. ಅದರ ಹಿಂದೆ ನಿಧಾನವಾಗಿ ಏರುವುದು ಕಾರ್ಟಿಸಾಲ್. ಕಷ್ಟಕಾಲ ಬಂದಿದೆ, ಉಗ್ರಾಣದ ಬಾಗಿಲು ತೆಗೆಯಿರಿ ಎಂದು ಮೈಗೆಲ್ಲ ಡಂಗುರ ಸಾರುವುದು ಅದು. ರಕ್ತದಲ್ಲಿ ಸಕ್ಕರೆ ಏರುತ್ತದೆ, ಕೂಡಿಟ್ಟ ಕೊಬ್ಬು, ಸಾರ ಕರಗುತ್ತದೆ. ದೊಡ್ಡವರಿಗೆ ಉಗ್ರಾಣ ದೊಡ್ಡದು, ತಡೆದುಕೊಳ್ಳುತ್ತೇವೆ. ಒಂದು ಕಿಲೋ, ಎರಡು ಕಿಲೋ ತೂಗುವ ಕೂಸಿನ ಉಗ್ರಾಣದಲ್ಲಿ ಎಷ್ಟಿದ್ದೀತು? ಬೆಳೆಯಲು ಇಟ್ಟುಕೊಂಡ ಕಾಳನ್ನು ಅದು ನೋವಿಗೆ ಕಂದಾಯ ಕಟ್ಟುತ್ತದೆ. ಬಾಯಿ ಸುಮ್ಮನಿದ್ದರೂ ರಕ್ತ ಸುಮ್ಮನಿರುವುದಿಲ್ಲ.

ಇನ್ನು ನಿದ್ದೆಯ ಮಾತಿಗೆ ಬರೋಣ. ಅಮೆರಿಕದ ಆಸ್ಪತ್ರೆಗಳಲ್ಲಿ ಹುಟ್ಟಿದ ಒಂದೆರಡು ದಿನದಲ್ಲೇ ಗಂಡು ಕೂಸಿನ ಮುಂದೊಗಲು ಕತ್ತರಿಸುವ ವಾಡಿಕೆ ಬಹಳ ಕಾಲದಿಂದ ಇತ್ತು. ಧರ್ಮದ ಪ್ರಶ್ನೆಯೇ ಇಲ್ಲದೆ, ಆಸ್ಪತ್ರೆಯ ಪದ್ಧತಿಯಾಗಿ, ಬಹುಪಾಲು ಮರಗಟ್ಟಿಸದೆಯೇ ಮಾಡುತ್ತಿದ್ದರು. ಆರೋಗ್ಯವಂತ ಕೂಸುಗಳಿಗೆ ಗೊತ್ತಾದ ದಿನ ಆಗುವ ಚಿಕ್ಕ ಶಸ್ತ್ರಕ್ರಿಯೆಯಾದ್ದರಿಂದ ವಿಜ್ಞಾನಿಗಳಿಗೆ ಹಿಂದೆಮುಂದೆ ಅಳೆದು ನೋಡುವುದು ಸುಲಭವಾಯಿತು. ಕೊಲರಾಡೋದ ರಾಬರ್ಟ್ ಎಮ್ಡಿ ಮತ್ತು ಸಂಗಡಿಗರು 1971ರಲ್ಲಿ ಬರೆದದ್ದು ಹೀಗೆ: ಕತ್ತರಿಸಿದ ಮೇಲೆ ಕೂಸುಗಳು ಬೇಗ ನಿದ್ದೆಗೆ ಜಾರಿದವು, ಕಣ್ಣು ಮಿಟುಕದ ಗಾಢ ನಿದ್ದೆ ಮಾಮೂಲಿಗಿಂತ ಹೆಚ್ಚು ಹೊತ್ತು ಮಾಡಿದವು. ಎಳೆಗೂಸಿನ ಸಹಜ ನಿದ್ದೆಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಚಂಚಲ ನಿದ್ದೆ. ತುಟಿ ಅಲ್ಲಾಡುತ್ತದೆ, ರೆಪ್ಪೆಯ ಕೆಳಗೆ ಕಣ್ಣು ಓಡಾಡುತ್ತದೆ, ದೇವರು ನಗಿಸುತ್ತಿದ್ದಾನೆ ಎಂದು ನಾವು ಹೇಳುವುದು ಆಗಲೇ. ನೋವಾದ ಮೇಲೆ ಆ ಪಾಲು ಬದಲಾಯಿತು. ನೋಡುವವರ ಕಣ್ಣಿಗೆ ಅದೇ 'ಹಾಯಾದ ನಿದ್ದೆ'!

1974ರಲ್ಲಿ ಬೇರೆ ಸಂಶೋಧಕರು ನೋಡಿದಾಗ ಕೂಸುಗಳು ನಿದ್ದೆ ಬಿಟ್ಟು ಕಿರಿಕಿರಿ ಮಾಡುತ್ತ ಎಚ್ಚರವಾಗಿದ್ದದ್ದು ಹೆಚ್ಚು. ಒಬ್ಬರು ಹೆಚ್ಚು ನಿದ್ದೆ ಎಂದರು, ಇನ್ನೊಬ್ಬರು ಹೆಚ್ಚು ಎಚ್ಚರ ಎಂದರು. ಆದರೆ ನಿದ್ದೆ ಇದ್ದ ಹಾಗೆ ಉಳಿಯಿತು ಎಂದು ಇಬ್ಬರೂ ಹೇಳಲಿಲ್ಲ. ಮಿನೆಸೋಟಾದ ಮೇಗನ್ ಗನ್ನರ್ ಎಂಬ ವಿದ್ವಾಂಸೆ ನಿದ್ದೆ ಮತ್ತು ಕಾರ್ಟಿಸಾಲ್ ಎರಡನ್ನೂ ಜೊತೆಯಲ್ಲಿ ಅಳೆದು 1985ರಲ್ಲಿ ಬರೆದರು. ಕತ್ತರಿಸಿದಾಗ ಕಾರ್ಟಿಸಾಲ್ ಏರುತ್ತದೆ, ಆಮೇಲಿನ ಗಂಟೆಗಳಲ್ಲಿ ಕೂಸು ಶಾಂತ ನಿದ್ದೆಗೆ ಹೋದಂತೆ ಇಳಿಯುತ್ತ ಬರುತ್ತದೆ. ಅಂದರೆ ಆ ನಿದ್ದೆ ನೋವಿಲ್ಲದ್ದರ ಗುರುತಲ್ಲ. ಬಿದ್ದ ಪೆಟ್ಟಿನಿಂದ ಚೇತರಿಸಿಕೊಳ್ಳಲು ಕೂಸು ಮಾಡುತ್ತಿರುವ ಕೆಲಸ ಅದು. ಹೊತ್ತು ತಂದ ಮೂಟೆ ಇಳಿಸಿ ಗೋಡೆಗೊರಗಿದ ಹಮಾಲಿಯನ್ನು ನೋಡಿ, ಇವನಿಗೆ ಮೂಟೆ ಭಾರವೇ ಆಗಲಿಲ್ಲ ಎಂದರೆ ಹೇಗೆ?

"ಇಳಿಯಿತಲ್ಲ, ಮರೆಯಿತಲ್ಲ" ಎನ್ನುವವರಿಗೂ ಉತ್ತರವಿದೆ. ಕೆನಡಾದ ಟೊರಾಂಟೊದಲ್ಲಿ ಆನ್ನಾ ಟ್ಯಾಡಿಯೋ ಮತ್ತು ಸಂಗಡಿಗರು 87 ಗಂಡು ಮಕ್ಕಳು ನಾಲ್ಕಾರು ತಿಂಗಳಲ್ಲಿ ಲಸಿಕೆ ಹಾಕಿಸಿಕೊಳ್ಳುವುದನ್ನು ನೋಡಿ 1997ರಲ್ಲಿ ಪ್ರಕಟಿಸಿದರು. ಹುಟ್ಟಿದಾಗ ಮರಗಟ್ಟಿಸದೆ ಕತ್ತರಿಸಿಕೊಂಡ ಮಕ್ಕಳು, ಕತ್ತರಿಸಿಕೊಳ್ಳದ ಮಕ್ಕಳಿಗಿಂತ ಸೂಜಿಗೆ ಹೆಚ್ಚು ನೊಂದವು. ಮರಗಟ್ಟಿಸುವ ಮುಲಾಮು ಹಚ್ಚಿ ಕತ್ತರಿಸಿದವು ನಡುವೆ ಇದ್ದವು. ಮನಸ್ಸಿಗೆ ನೆನಪಿಲ್ಲದಿರಬಹುದು, ಮೈಗೆ ನೆನಪಿತ್ತು. ವ್ಯಾಂಕೂವರಿನ ರೂತ್ ಗ್ರುನಾವ್ ಅವರ 2004ರ ಬರಹದಲ್ಲಿ, ದಿನ ತುಂಬದೆ ಹುಟ್ಟಿ ಆಸ್ಪತ್ರೆಯಲ್ಲಿ ಹೆಚ್ಚು ಸಲ ಚುಚ್ಚಿಸಿಕೊಂಡ ಮಕ್ಕಳ ಕಾರ್ಟಿಸಾಲ್ ಎಂಟು ತಿಂಗಳಾದರೂ ಹೆಚ್ಚಿತ್ತು. ಮಿದುಳಿನ ಮೇಲಿನ ಪದರ ಮುಟ್ಟುವುದಿಲ್ಲ ಎಂದಿದ್ದರಲ್ಲ? 2015ರಲ್ಲಿ ಆಕ್ಸ್‌ಫರ್ಡಿನವರು ಸ್ಕ್ಯಾನ್ ಮಾಡಿಯೇ ತೋರಿಸಿದರು. ನೋವಾದಾಗ ದೊಡ್ಡವರ ಮಿದುಳಿನಲ್ಲಿ ಚುರುಕಾಗುವ 20 ಭಾಗಗಳಲ್ಲಿ 18 ಎಳೆಗೂಸಿನಲ್ಲೂ ಚುರುಕಾದವು.

ನಮ್ಮ ಮುಸ್ಲಿಂ ಸೋದರಿಯರ ಮನೆಗಳಲ್ಲಿ ಸುನ್ನತಿ ಧಾರ್ಮಿಕ ಆಚರಣೆ. ಅದರ ಬಗ್ಗೆ ತಕರಾರು ಎತ್ತುವುದು ನನ್ನ ಉದ್ದೇಶವಲ್ಲ. ಮಾಡುವಾಗ ಮರಗಟ್ಟಿಸಿ ಮಾಡಲಿ ಎನ್ನುವುದಷ್ಟೇ ನನ್ನ ಮಾತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 1999ರಲ್ಲಿ ಈ ಶಸ್ತ್ರಕ್ರಿಯೆಗೆ ನೋವು ನಿವಾರಣೆ ಬೇಕೇ ಬೇಕು ಎಂದು ಹೇಳಿತು.

ಇನ್ನು ಎಲ್ಲ ಧರ್ಮದವರ ಮನೆಯಲ್ಲೂ ನಡೆಯುವ ಒಂದು ಕ್ರೌರ್ಯವಿದೆ, ಬರೆ ಹಾಕುವುದು. ಕೂಸಿಗೆ ಕಾಮಾಲೆ ಬಂದರೆ ಬರೆ, ಹೊಟ್ಟೆ ಉಬ್ಬಿದರೆ ಬರೆ, ಬೆಚ್ಚಿಬಿದ್ದರೆ ಬರೆ. ಕಾದ ಬಳೆ, ಕಾದ ಸೂಜಿ, ಊದುಬತ್ತಿ. ನನ್ನ ಶಾಲೆಯಲ್ಲಿ ಇವತ್ತಿಗೂ ಹೊಟ್ಟೆಯ ಮೇಲೆ ನಾಣ್ಯದಂಥ ಕಲೆಯಿರುವ ಮಕ್ಕಳಿದ್ದಾರೆ. ಕೇಳಿದರೆ ತಾಯಂದಿರು ಹೇಳುವುದೇನು? "ಬರೆ ಹಾಕಿದ ಮೇಲೆ ತಕ್ಷಣ ಅಳು ನಿಂತಿತು ಟೀಚರ್, ಸಂಜೆಯವರೆಗೂ ಮಲಗಿತು. ಗುಣವಾಯಿತು." ನೋಡಿದಿರಾ? ಪೆಟ್ಟು ತಿಂದು ಸೋತು ಮಲಗಿದ ಕೂಸಿನ ನಿದ್ದೆಯೇ ಬರೆ ಹಾಕಿದವರಿಗೆ ಪ್ರಮಾಣಪತ್ರ! ಈ ಪದ್ಧತಿ ಇಷ್ಟು ಕಾಲ ಬದುಕಿ ಉಳಿದಿರುವುದಕ್ಕೆ ನಾವು ಆ ನಿದ್ದೆಯನ್ನು ತಪ್ಪಾಗಿ ಓದಿದ್ದೂ ಒಂದು ಕಾರಣ. ಕಾಮಾಲೆ ಬರೆಗೆ ಹೆದರಿ ಓಡುವುದಿಲ್ಲ. ಹೆಚ್ಚಿದ ಕಾಮಾಲೆಯ ಕೂಸು ಮಂಕಾಗಿ, ಹಾಲು ಕುಡಿಯದೆ ಮಲಗುವುದೇ ಅಪಾಯದ ಲಕ್ಷಣ. ಆ ಹೊತ್ತಿನಲ್ಲಿ ಬೇಕಾದದ್ದು ಆಸ್ಪತ್ರೆಯ ನೀಲಿ ದೀಪ, ಕಾದ ಬಳೆಯಲ್ಲ.

ಆಸ್ಪತ್ರೆಗಳು ಬದಲಾಗಿವೆ, ಒಪ್ಪುತ್ತೇನೆ. ಈಗ ಅರಿವಳಿಕೆ ತಜ್ಞರಿಲ್ಲದೆ ಕೂಸಿನ ಎದೆಗೆ ಯಾರೂ ಕತ್ತಿ ಇಡುವುದಿಲ್ಲ. ಆದರೆ ಆಪರೇಷನ್ ಕೋಣೆಯಿಂದ ವಾರ್ಡಿಗೆ ಬಂದ ಮೇಲೆ? ನನ್ನ ತಂಗಿಯ ಮಗಳ ಕೂಸಿಗೆ ಹುಟ್ಟುವಾಗಲೇ ಸೀಳುತುಟಿ. ನಾಲ್ಕನೆಯ ತಿಂಗಳಲ್ಲಿ ಹೊಲಿದರು, ಅಂದವಾಗಿಯೇ ಹೊಲಿದರು. ರಾತ್ರಿ ವಾರ್ಡಿನಲ್ಲಿ ಕೂಸು ಮಲಗಿತ್ತು, ಆದರೆ ಹುಬ್ಬು ಗಂಟಿಕ್ಕಿತ್ತು, ಕಣ್ಣು ಬಿಗಿಯಾಗಿ ಹಿಂಡಿದಂತಿತ್ತು, ಎರಡೂ ಮುಷ್ಟಿ ಬಿಚ್ಚಿರಲಿಲ್ಲ. "ದೊಡ್ಡಮ್ಮ, ಇದು ನಿದ್ದೆ ಅಲ್ಲ" ಎಂದಳು ಹುಡುಗಿ. ಸಿಸ್ಟರನ್ನು ಕೇಳಿದೆವು. "ಮಲಗಿದೆಯಲ್ಲಮ್ಮ, ಮಲಗಿದ ಮಗೂಗೆ ಯಾಕೆ ಔಷಧಿ?" ಎಂದರು. ನಲವತ್ತು ಹಾಸಿಗೆಗೆ ಇಬ್ಬರೇ ಸಿಸ್ಟರು, ಅವರ ಪಾಡೂ ಪಾಡೇ. ನಾನು ಅಲ್ಲಿಂದ ಕದಲಲಿಲ್ಲ. ಡ್ಯೂಟಿ ಡಾಕ್ಟರು, ನನ್ನ ಶಿಷ್ಯರ ವಯಸ್ಸಿನವರು, ಬಂದು ಕೂಸಿನ ಮುಖವನ್ನು ಒಂದು ನಿಮಿಷ ನೋಡಿದರು. ಚೀಟಿಯಲ್ಲಿ ಬರೆದಿದ್ದ ನೋವಿನ ಔಷಧಿಯ ಹೊತ್ತು ಮೀರಿತ್ತು. ಕೊಡಿಸಿದರು. ಅರ್ಧ ಗಂಟೆಯ ಮೇಲೆ ಮುಷ್ಟಿ ತಾನಾಗಿ ಬಿಚ್ಚಿತು. ಹುಬ್ಬು, ಕಣ್ಣು, ಮೂಗಿನ ಪಕ್ಕದ ಗೆರೆ, ಬಾಯಿ, ಇವನ್ನು ಓದಿ ಎಳೆಗೂಸಿನ ನೋವು ಅಳೆಯುವ ಪಟ್ಟಿಗಳು ವೈದ್ಯರ ಬಳಿ ಎಂದಿನಿಂದಲೋ ಇವೆ. ಓದಲು ಬೇಕಾದದ್ದು ಒಂದು ನಿಮಿಷದ ವ್ಯವಧಾನ.

ವಿರೋಧದ ಮಾತುಗಳನ್ನೂ ಕೇಳೋಣ. ಅರಿವಳಿಕೆಯಿಂದ ಮಗುವಿನ ಬುದ್ಧಿಗೆ ತೊಂದರೆಯಂತೆ ಎಂಬ ಹೆದರಿಕೆ ಈಗ ಮನೆಮನೆಯಲ್ಲಿದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಪದೇಪದೇ, ಅಥವಾ ಮೂರು ಗಂಟೆಗಿಂತ ಹೆಚ್ಚು ಹೊತ್ತು ಅರಿವಳಿಕೆ ಕೊಡುವ ಬಗ್ಗೆ ಅಮೆರಿಕದ ಔಷಧ ಇಲಾಖೆ 2016ರಲ್ಲಿ ಎಚ್ಚರಿಕೆ ಕೊಟ್ಟದ್ದು ನಿಜ. ಆದರೆ ಏಳು ದೇಶಗಳ 722 ಶಿಶುಗಳನ್ನು ಐದು ವರ್ಷದವರೆಗೆ ಹಿಂಬಾಲಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಒಂದು ಗಂಟೆಯೊಳಗಿನ ಒಂದು ಅರಿವಳಿಕೆಯಿಂದ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ. ಈ ಆಪರೇಷನ್ ಈಗಲೇ ಬೇಕೇ, ಮುಂದೂಡಬಹುದೇ ಎಂದು ಕೇಳಿ. ಈಗಲೇ ಬೇಕಾದರೆ ನೋವಿಗೆ ಪೂರ್ತಿ ವ್ಯವಸ್ಥೆ ಆಗಲಿ. ಅರಿವಳಿಕೆಗೆ ಹೆದರಿ ಬೇಕಾದ ಆಪರೇಷನ್ನನ್ನೇ ತಪ್ಪಿಸುವುದು ಮೂರ್ಖತನ, ನೋವನ್ನು ಲೆಕ್ಕಕ್ಕೇ ಹಿಡಿಯದಿರುವುದು ಅನ್ಯಾಯ.

ಇನ್ನೊಂದು ಮಾತು, ಸರಕಾರಿ ಆಸ್ಪತ್ರೆಯಲ್ಲಿ ಇಷ್ಟೆಲ್ಲ ನಾಜೂಕು ಎಲ್ಲಿಂದ ತರುವುದು ಎಂಬುದು. ತರಬೇಕಾದದ್ದೇನು? ಲಸಿಕೆಯ ಹೊತ್ತಿನಲ್ಲಿ ಕೂಸನ್ನು ಅಂಗಾತ ಮಲಗಿಸಿ ಒತ್ತಿ ಹಿಡಿಯಬೇಡಿ, ತಾಯಿ ಎತ್ತಿಕೊಂಡಿರಲಿ, ಹಾಲೂಡಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ತಾಯಿಯ ಎದೆಹಾಲಿಗೆ ಯಾವ ಇಲಾಖೆಯೂ ಟೆಂಡರ್ ಕರೆಯಬೇಕಿಲ್ಲ! ಒಂದು ಎಚ್ಚರಿಕೆ. ಸಿಹಿ ಕೊಟ್ಟರೆ ನೋವು ಮರೆಯುತ್ತದೆ ಎಂದು ಜೇನುತುಪ್ಪ ನೆಕ್ಕಿಸಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಅದು ಅಪಾಯ. ನೋವಿನ ಔಷಧಿಯನ್ನೂ ಡಾಕ್ಟರು ಹೇಳಿದ ಅಳತೆ ಬಿಟ್ಟು ಒಂದು ಹನಿಯೂ ಕೊಡಬೇಡಿ.

ನನಗೆ ಒಂದು ಅನುಮಾನ ಬಹಳ ದಿನದಿಂದ ಇದೆ. ಕೂಸಿನ ನೋವನ್ನು ನಂಬದ ಲೋಕ ಯಾವುದು? ಹೆರಿಗೆ ಕೋಣೆಯಲ್ಲಿ "ಅರಚಬೇಡ, ಎಲ್ಲರೂ ಹೆತ್ತಿಲ್ಲವಾ?" ಎಂದು ಗದರುವ ಲೋಕ ಅದೇ. ತಿಂಗಳ ಹೊಟ್ಟೆನೋವಿಗೆ "ಮದುವೆಯಾದರೆ ಸರಿಹೋಗುತ್ತೆ" ಎನ್ನುವ ಲೋಕ ಅದೇ. ಮುದುಕಿಯ ಮಂಡಿನೋವಿಗೆ "ವಯಸ್ಸಾಯ್ತಲ್ಲ" ಎಂದು ಮುಖ ತಿರುಗಿಸುವ ಲೋಕವೂ ಅದೇ. ಎದುರಾಡಲಾರದವರ ನೋವಿಗೆ ಸದಾ ಸಾಕ್ಷಿ ಬೇಕು, ಎದುರಾಡುವವರ ನೋವಿಗೆ ಕೂಡಲೇ ಮಾತ್ರೆ ಸಿಗುತ್ತದೆ. ಬಾಣಂತಿಗೆ ಬುದ್ಧಿಯಿಲ್ಲ, ಅವಳ ಮಾತಿಗೆ ಬೆಲೆಯಿಲ್ಲ ಎಂದು ಅಟ್ಟುವ ಕಡೆ ಕೂಸಿನ ಪರವಾಗಿ ಮಾತಾಡುವವರು ಯಾರು ಉಳಿದರು? ಜಿಲ್ ಲಾಸನ್ ಬಾಯಿ ಮುಚ್ಚಿ ಮನೆಗೆ ಹೋಗಿದ್ದರೆ ಎಷ್ಟು ಕೂಸುಗಳ ಗತಿ ಏನಾಗುತ್ತಿತ್ತೋ!

ಆದ್ದರಿಂದ ಅಕ್ಕಂದಿರೇ, ತಂಗಿಯರೇ, ನಿಮ್ಮ ಮನೆಯ ಕೂಸಿಗೆ ಆಪರೇಷನ್ ಎಂದಾದರೆ ಹೆದರದೆ ಮೂರು ಮಾತು ಕೇಳಿ. ನೋವಿಗೆ ಏನು ಕೊಡುತ್ತೀರಿ? ಆಪರೇಷನ್ ಆದ ಮೇಲೆ ಎಷ್ಟು ಹೊತ್ತಿಗೊಮ್ಮೆ ಕೊಡುತ್ತೀರಿ? ನಾನು ಯಾವಾಗ ಎತ್ತಿಕೊಂಡು ಹಾಲು ಕೊಡಬಹುದು? ಒಳ್ಳೆಯ ಡಾಕ್ಟರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಸಿಟ್ಟಾದರೂ ಉತ್ತರ ಸಿಗುವವರೆಗೆ ಬಾಗಿಲು ಬಿಡಬೇಡಿ. ಮನೆಗೆ ಬಂದ ಮೇಲೆ ಕೆಲವು ದಿನ, ಕೆಲವೊಮ್ಮೆ ಕೆಲವು ವಾರ ಕೂಸು ರಾತ್ರಿ ಬೆಚ್ಚಿ ಏಳಬಹುದು, ಕೆಳಗಿಟ್ಟರೆ ಅಳಬಹುದು. ಆಪರೇಷನ್ ಆದ ಮಕ್ಕಳಲ್ಲಿ ಇದು ವೈದ್ಯರೇ ಬಲ್ಲ ಸಂಗತಿ. "ಎತ್ತಿ ಎತ್ತಿ ಅಭ್ಯಾಸ ಕೆಡಿಸಿದೆ" ಎಂದು ಅತ್ತೆ ಅಂದರೆ ಅನ್ನಲಿ, ನೀವು ಎತ್ತಿಕೊಳ್ಳಿ. ಮಂಕಾಗಿ ಹಾಲು ಬಿಟ್ಟು ಮಲಗಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಿ. ಉಳಿದ ಹೊತ್ತಿನಲ್ಲಿ ಕೂಸು ಮಲಗಿತೆಂದು ಬೆನ್ನು ತಿರುಗಿಸುವ ಮೊದಲು ದೀಪ ಹಾಕಿ ಅದರ ಹುಬ್ಬು ನೋಡಿ, ಮುಷ್ಟಿ ನೋಡಿ.